ತಪ್ಪೊಪ್ಪಿಗೆಯ ಅಧ್ಯಾಯ

ಒಂದು ಕಾಲಕ್ಕೆ ಬೆಂಗಳೂರಿನ ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಉತ್ತಯ್ಯ ಈಗ ಟಾಸ್ಮೇನಿಯಾದಲ್ಲಿ ಆಲೂಗಡ್ಡೆ ಬೆಳೆಯುತ್ತಾನೆ. ಅವನಿಗೆ ಹೆಸರು ತಂದದ್ದು ಒಂದೇ ಒಂದು ಹಾಡು. ಡ್ರಮ್ಮರ್ ಸುಧಾಕರ ತಂದುಕೊಟ್ಟಿದ್ದ ಆ ಹಾಡಿಗೆ ಉತ್ತಯ್ಯ ಕ್ಯಾಸೆಟ್ಟಿನ ಮೇಲೆ ತನ್ನ ಹೆಸರು ಹಾಕಿಸಿಕೊಂಡಿದ್ದ. ಸುಧಾಕರ ಜಗಳವಾಡಲಿಲ್ಲ. ಬ್ಯಾಂಡ್ ಬಿಟ್ಟು ಮೈಸೂರಿಗೆ ಹೋದವನು ಕಳೆದ ವರ್ಷ ತೀರಿಕೊಂಡ.

ಮೂವತ್ತು ವರ್ಷ ಮುಚ್ಚಿಟ್ಟಿದ್ದ ಆ ಕಳ್ಳತನವನ್ನು ಉತ್ತಯ್ಯ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡ. ಅಚ್ಚಾದ ಮೊದಲ ಪ್ರತಿಯನ್ನು ಸುಧಾಕರನ ತಂಗಿ ವಾರಿಜಾಳಿಗೆ ಕಳಿಸಿ, ಅದು ತಲುಪಿದ ಮೇಲೆ ಫೋನ್ ಮಾಡಿದ.

“ಓದಿದ್ಯಾ, ವಾರಿಜಾ?”

“ಓದಿದೆ ಉತ್ತಯ್ಯಣ್ಣ. ಆ ಅಧ್ಯಾಯ ಎರಡು ಸಲ ಓದಿದೆ.”

“ಅವನು ಇದ್ದಾಗಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ಈಗಲಾದ್ರೂ ಅವನ ಹಾಡು ಅವನಿಗೆ ಸೇರ್ತಲ್ಲ, ಅದೇ ಸಮಾಧಾನ.”



“ಪುಸ್ತಕದಲ್ಲಿ ಇನ್ನು ಏನಾದ್ರೂ ತಿದ್ದೋಕಾಗುತ್ತಾ?”

“ಇಲ್ಲಮ್ಮ, ಎಲ್ಲ ಅಂಗಡಿಗಳಿಗೂ ಹೋಗಿಬಿಟ್ಟಿದೆ. ಯಾಕೆ, ಏನಾದ್ರೂ ತಪ್ಪಾಗಿದ್ಯಾ?”

“ಹೋಗ್ಲಿ ಬಿಡಿ. ಆ ಹಾಡು ಬರೆದಿದ್ದು ನಾನು. ಅಣ್ಣ ನಂಗೆ ಹೇಳದೆ ನೋಟ್‌ಬುಕ್ಕಿಂದ ಹರ್ಕೊಂಡು ಹೋಗಿದ್ದ.”