ಉಡಿಯಲ್ಲಿ ತಂದ ಮಣ್ಣು

ಬಡಗಿಯ ಅಂಗಡಿಯಿಂದ ಹಸಿ ಹೊನ್ನೆ ಕೊಯ್ದ ವಾಸನೆ ಬಂದರೆ ಇವತ್ತಿಗೂ ನಾನು ಅಲ್ಲಿ ನಿಲ್ಲಲಾರೆ, ಬೇಗಬೇಗ ದಾಟಿಬಿಡುತ್ತೇನೆ.

ಎಪ್ಪತ್ತರ ದಶಕದ ಮಾತು. ಕಿತ್ತೂರಿನ ಆಚೆ ನಮ್ಮ ಹೊಲದ ತುದಿಗೆ ಹೊನ್ನೆ, ಮತ್ತಿ, ಬೀಟೆ ಮರಗಳ ಸಣ್ಣ ಅಡವಿಯಿತ್ತು. ಸುತ್ತಲಿನ ಕಾಡೆಲ್ಲ ಹೊಲವಾಗಿ ಅದೊಂದೇ ಉಳಿದಿತ್ತು. ಅಲ್ಲಿನ ನೆಲವನ್ನು ಯಾರೂ ಕೆದಕುತ್ತಿರಲಿಲ್ಲ. ಹೊರಬರುವಾಗ ಅಪ್ಪನ ತಾಯಿ, ನಮ್ಮ ಆಯಿ, ಪ್ರತಿ ಸಲವೂ ಹೇಳುತ್ತಿದ್ದಳು: "ಕಾಲು ಝಾಡಿಸ್ಕೋ ತಂಗಿ. ಇಲ್ಲಿ ಮಣ್ಣು ಇಲ್ಲೇ ಇರಬೇಕು."

ನನಗೋ ಹಿತ್ತಲಿನ ಒಡಕು ಗಡಿಗೆಯಲ್ಲಿ ಮೆಣಸಿನ ಸಸಿ ಏಳುತ್ತಿಲ್ಲವೆಂಬ ಚಡಪಡಿಕೆ. ಒಂದು ದಿನ ಕಾಲನ್ನೇನೋ ಝಾಡಿಸಿಕೊಂಡೆ. ಉಟ್ಟಿದ್ದ ಪರಕಾರದ ಉಡಿಯಲ್ಲಿ ಮಾತ್ರ ಆ ಕಪ್ಪು, ಮೆತ್ತನೆಯ ಮಣ್ಣು ತುಂಬಿಕೊಂಡು ಬಂದೆ.

ಗಿಡ ನನ್ನ ಸೊಂಟದೆತ್ತರ ಬೆಳೆಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೈ ತೊಳೆಯಲು ಬಂದ ಅಪ್ಪ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮಣ್ಣನ್ನು ಬೆರಳಲ್ಲಿ ತಿಕ್ಕಿದ, ಮೂಸಿದ.

"ಎಲ್ಲಿ ಮಣ್ಣಿದು?"

"ಅಡವ್ಯಾಂದು" ಎಂದೆ ಬೀಗುತ್ತ.

"ಎಷ್ಟು ಆಳ ಐತಿ?"

"ಕೋಲು ಚುಚ್ಚಿದ್ರ ಪೂರಾ ಒಳಗ ಹೋತು!"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿಯ ಮೊರದ ಸದ್ದು ನಿಂತಿತು. "ಅದು ಹೊಲ ಅಲ್ಲೋ ಯಪ್ಪಾ" ಎಂದಳು.

ಅಪ್ಪ ಎದ್ದ. ಊಟಕ್ಕೂ ಕೂಡದೆ, ಗೋಡೆಗೆ ಆನಿಸಿದ್ದ ಕೊಡಲಿ ಎತ್ತಿಕೊಂಡು ಹೊರಟ.

ಆಯಿ ನನ್ನನ್ನು ಬೈಯಲಿಲ್ಲ. ಹತ್ತಿರ ಕರೆದು ಪರಕಾರದ ಅಂಚು ಹಿಡಿದು ಝಾಡಿಸತೊಡಗಿದಳು. ಆ ಮಣ್ಣು ತಂದಮೇಲೆ ಎಷ್ಟೋ ಸಲ ಒಗೆದಿದ್ದ ಪರಕಾರ ಅದು. ಅಡವಿಯ ಕಡೆಯಿಂದ ಮೊದಲ ಏಟು ಕೇಳಿಸಿದ ಮೇಲೂ ಅವಳು ಝಾಡಿಸುತ್ತಲೇ ಇದ್ದಳು.