ವಕೀಲರ ಮನೆಯ ಕಳ್ಳ ಸೀಡಿ

ಕರಿಕೋಟನ್ನೂ ಬಿಚ್ಚದೆ ವಕೀಲ ಮಹಾಂತೇಶ ಜವಳಿ ಪ್ಲೇಯರಿನಿಂದ ಸೀಡಿ ಕಿತ್ತು ತಾಯಿ ಮುರುಗೆವ್ವನ ಮುಖದ ಮುಂದೆ ಹಿಡಿದ. ಸಿನಿಮಾ ಮೊಕದ್ದಮೆಗಳಿಗೆ ಗೋವಾದಲ್ಲೆಲ್ಲ ಹೆಸರಾದವನು ಅವನು. ಈ ಸಿನಿಮಾದ ಕಳ್ಳ ಸೀಡಿ ಯಾರೂ ಮಾರಕೂಡದೆಂದು ಅಂದು ಬೆಳಿಗ್ಗೆಯಷ್ಟೇ ಪಣಜಿಯ ಕೋರ್ಟಿನಿಂದ ಆದೇಶ ತಂದಿದ್ದ.

"ಇದನ್ನ ನಿಲ್ಲಸಾಕಂತ ನಾ ಅಲ್ಲಿ ಗಂಟಲಾ ಹರಕೊಳ್ಳಾಕತ್ತೇನಿ. ನೀ ಮನ್ಯಾಗ ಕುಂತು ಅದನ್ನ ನೋಡಾಕತ್ತೀಯಲ್ಲಬೇ. ಎಲ್ಲಿಂದ ತಂದಿ?"

"ಮಂಗೋರ್ ಹಿಲ್ ಸಂತ್ಯಾಗಿಂದ. ನನ್ನ ಮಗ ಬಡದಾಡೂ ಸಿನಿಮಾ ಹೆಂಗೈತಿ ನೋಡೂಣಂತ ತಂದೆ." ಮುರುಗೆವ್ವ ಶೇಂಗಾ ಸಿಪ್ಪೆ ಊದಿದಳು. "ವಕೀಲರ ಅವ್ವ ಅಂದಕೂಡ್ಲೆ ಸೀಡಿ ಮಾರಾಂವ ರೊಕ್ಕಾನೂ ಮುಟ್ಟಲಿಲ್ಲಪಾ. ನಿನ್ನ ಕೇಸು ಪೇಪರಿನ್ಯಾಗ ಬಂದಾಗಿಂದ ವ್ಯಾಪಾರ ಭಾಳ ಚಲೋ ಆಗೇತಂತ. ನಿನಗ ನಮಸ್ಕಾರ ಹೇಳ್ಯಾನ."