ನಳಿಕೆಯ ಮೇಲಿನ ಅಕ್ಷರ

“ಪಾಯಿಂಟ್ ಟೂ ಟೂ ಗುಂಡು ಕೊಡಿ,” ಎಂದು ಗಿರಾಕಿ ತನ್ನಜ್ಜನ ಬಂದೂಕನ್ನು ಮೇಜಿನ ಮೇಲಿಟ್ಟ.

“ಅದ್ರಲ್ಲೇ ಲಾಂಗ್ ರೈಫಲ್ ಅಂತ ಒಂದು ಗುಂಡಿದೆ, ಮ್ಯಾಗ್ನಮ್ ಅಂತ ಇನ್ನೊಂದಿದೆ ಯಜಮಾನ್ರೇ. ತಪ್ಪು ಗುಂಡು ತುಂಬಿದ್ರೆ ಮುಖಕ್ಕೇ ಸಿಡಿಯುತ್ತೆ. ನಳಿಕೆ ಮೇಲೆ ಏನು ಬರೆದಿದ್ಯೋ ಅದನ್ನೇ ನಾನು ಕೊಡೋದು,” ಎಂದ ಅಂಗಡಿಯವ.

ಬರಹ ಕಾಣುವುದೆಲ್ಲಿ? ವರ್ಷವರ್ಷವೂ ಆಯುಧಪೂಜೆಗೆ ಹಚ್ಚಿದ ಗಂಧ, ಕುಂಕುಮ ಪದರಗಟ್ಟಿತ್ತು. ಅಂಗಡಿಯವ ಚಾಕುವಿನಿಂದ ಕೆರೆದ. ಮೊದಲು ಮರ ಕಂಡಿತು, ಆಮೇಲೆ ಅಕ್ಷರ: ‘ಶ್ರೀ ಕುಮಾರಲೀಲಾ ನಾಟಕ ಮಂಡಳಿ’.

“ಸಾಧ್ಯಾನೇ ಇಲ್ಲ! ಪ್ರತಿ ಎಲೆಕ್ಷನ್‌ಗೂ ಪೊಲೀಸ್ನೋರು ಇದನ್ನ ಠಾಣೇಲಿ ಜಮಾ ಮಾಡಿಸ್ಕೋತಾರೆ. ನಮ್ಮಜ್ಜ ಇದ್ರಲ್ಲೇ ಹುಲಿ ಹೊಡೆದಿದ್ದು. ಚರ್ಮ ಇನ್ನೂ ಗೋಡೆ ಮೇಲಿದೆ!”

ಅಂಗಡಿಯವ ಚಾಕು ಒರೆಸುತ್ತ ಹೇಳಿದ: “ಮನೆಗೆ ಹೋಗಿ ಅದನ್ನೂ ಒಂದ್ಸಲ ತಿರುಗಿಸಿ ನೋಡಿ.”